ಹೊಸ ಕೋವಿಯ ನಳಿಗೆಯ ಸಂಸ್ಕಾರ

ಸಂಸ್ಕಾರವು ಗುಣಾಧಾನವೆಂದೂ ದೋಷಾಪನಯನವೆಂದೂ ಎರಡು ಬಗೆಯಾಗಿರುವುದೆಂಬುದು ಶಾಸ್ತ್ರಜ್ಞರಿಗೆ ಸುವಿದಿತವಷ್ಟೆ. ಶ್ರೀ ಶಂಕರಾಚಾರ್ಯರು ಸಮನ್ವಯಾಧಿಕರಣದ ಭಾಷ್ಯದಲ್ಲಿ ಈ ವಿಭಾಗವನ್ನು ಹೇಳಿ, ಉಜ್ಜಿದ ಕನ್ನಡಿಯಲ್ಲಿ ತೋರುವ ಹೊಳಪಿನ ದೃಷ್ಟಾಂತವನ್ನೂ ವಿಚಾರಿಸಿರುವರು. ಅಮೆರಿಕದ ಬೇಟೆಗಾರರಲ್ಲಿ ಅನೇಕರು, ಗುರಿಯು ಖಚಿತವಾಗಲೆಂದು ಹೊಸ ರೈಫಲ್ಲಿನ ನಳಿಗೆಗೆ ಒಂದು ಸಂಸ್ಕಾರವನ್ನು ಮಾಡುವರು. ಅದು ಈ ಎರಡರಲ್ಲಿ ಯಾವುದೆಂಬುದೇ ಇಲ್ಲಿಯ ವಿಚಾರ. ಗುರಿ ತಪ್ಪಿದರೆ ಮೃಗವು ಗಾಯಗೊಂಡು ನರಳುವುದಾದ ಕಾರಣ ಈ ವಿಚಾರವು ನಿಷ್ಪ್ರಯೋಜನವಲ್ಲ.

ಕ್ರಿಯೆಯ ಸ್ವರೂಪವಿದು: ಒಂದು ಗುಂಡನ್ನು ಹಾರಿಸಿ ನಳಿಗೆಯನ್ನು ಶುದ್ಧಿಗೊಳಿಸುವುದು; ಹೀಗೆ 5ರಿಂದ 10 ಆವೃತ್ತಿಗಳಾದ ಬಳಿಕ 3 ಗುಂಡುಗಳಿಗೊಮ್ಮೆ ಶುದ್ಧಿಗೊಳಿಸುವುದು. ಸಂಖ್ಯೆಯಲ್ಲಿ ಸಂಪ್ರದಾಯಭೇದಗಳುಂಟು. ಅಮೋನಿಯಾ ಬೆರೆತ ದ್ರಾವಣದಲ್ಲಿ ತೊಯ್ದ ಬಟ್ಟೆಯು ನೀಲಿಯಾಗಿ ಹೊರಬಂದರೆ ಒಳಗೆ ತಾಮ್ರವಿದೆಯೆಂದು ಅನುಮಾನಿಸುವರು. ಕಂಚಿನ ಕುಂಚದಿಂದಲೂ ಆ ನೀಲಿಯು ಬರಬಹುದಾದುದರಿಂದ, ಅಂಥ ಕುಂಚವನ್ನು ಬಳಸಿದಲ್ಲಿ ಈ ಹೇತುವು ವ್ಯಭಿಚಾರಿಯಾಗುವುದು.

ಇನ್ನು ಕಾರಣವನ್ನು ನೋಡುವ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ತಿರುಗಿಸಿ ಅದರ ಗತಿಯನ್ನು ಸ್ಥಿರಗೊಳಿಸುವುವು. ಕುಶಲರಾದ ತಯಾರಕರು ಒಳಮೈಯನ್ನು ಸೀಸದ ಅಚ್ಚಿನಿಂದಲೂ ಸಾಣೆಯ ಪುಡಿಯಿಂದಲೂ ಉದ್ದಕ್ಕೆ ಉಜ್ಜಿ ನಯಗೊಳಿಸುವರು. ತೋಟಾ ಕೂರುವ ಮನೆಯನ್ನು ಅನಂತರ ಕೊರೆಯುವಾಗ, ಅದರ ಮುಂದಣ ಗಂಟಲಿನಲ್ಲಿ ಉಪಕರಣದ ಗೀರುಗಳು ಅಡ್ಡಲಾಗಿ ಉಳಿಯುವುವು. ಗುಂಡಿನ ತಾಮ್ರಕವಚವು ಅಲ್ಲಿ ತರೆದು, ಉರಿಯುವ ಅನಿಲದೊಡನೆ ಸಾಗಿ ಮುಂದೆ ನಳಿಗೆಗೆ ಅಂಟುವುದು. ತೆಗೆಯದಿದ್ದರೆ ತಾಮ್ರದ ಮೇಲೆ ತಾಮ್ರವು ಪೇರುವುದು. ಹಾಯುವ ಗುಂಡುಗಳೇ ಕ್ರಮವಾಗಿ ಆ ಗೀರುಗಳನ್ನು ನಯಗೊಳಿಸುವುವೆಂದು ಕ್ರೀಗರ್ ಮೊದಲಾದ ನಳಿಗೆ ತಯಾರಕರ ಮತ.

ಇಲ್ಲಿ ಪೂರ್ವಪಕ್ಷವೊಂದುಂಟು. ಪ್ರತಿಯೊಂದು ಗುಂಡೂ ನಳಿಗೆಯ ಆಯುಷ್ಯವನ್ನು ಕಳೆಯುವುದಾಗಿ, ಈ ಸಂಸ್ಕಾರವು ವ್ಯರ್ಥವೆಂದು ಬಂದೂಕು ತಯಾರಕ ಗೇಲ್ ಮೆಕ್‌ಮಿಲನ್ ವಾದಿಸಿದರು. ಅಂತೆಯೇ ಇಲ್ಲಿ ಅನ್ವಯವ್ಯತಿರೇಕಗಳನ್ನು ತೋರಿಸುವುದೂ ಕಷ್ಟ. ಸಂಸ್ಕೃತವಾದ ನಳಿಗೆಯನ್ನು ಪುನಃ ಅಸಂಸ್ಕೃತವಾಗಿಸಿ ಪರೀಕ್ಷಿಸಲಾಗದು. ಒಂದೇ ಮಾದರಿಯ ಎರಡು ನಳಿಗೆಗಳೂ ಸರ್ವಥಾ ಸಮಾನವಲ್ಲ. ಗುರಿಯು ಉತ್ತಮವಾಯಿತೆಂದರೆ, ಹಾರಿಸುವವನ ಅಭ್ಯಾಸವೂ ಕಾರಣವಾಗಿರಬಹುದು.

ಆದುದರಿಂದ ಸಿದ್ಧಾಂತವಿಷ್ಟು: ಇದು ದೋಷಾಪನಯನವೇ ಹೊರತು ಗುಣಾಧಾನವಲ್ಲ. ಕೈಯಿಂದ ನಯಗೊಳಿಸಿದ ನಳಿಗೆಗೆ ಇದು ಅಲ್ಪವಾಗಿಯೇ ಸಾಕು. ಒಳಗೆ ಕ್ರೋಮಿಯಮ್ ಲೇಪವುಳ್ಳದ್ದಕ್ಕೆ ಇದರ ಅಪೇಕ್ಷೆಯಿಲ್ಲ. ಒರಟಾದ ನಳಿಗೆಯಲ್ಲಿ ತಾಮ್ರದ ಅಂಟು ಕಡಮೆಯಾಗಿ ಮುಂದಿನ ಶುದ್ಧಿಯು ಸುಲಭವಾಗಬಹುದು. ಕೊರೆತವೇ ವಕ್ರವಾಗಿದ್ದರೆ ಯಾವ ಉಜ್ಜುವಿಕೆಯೂ ಅದನ್ನು ನೇರಗೊಳಿಸಲಾರದು. ಕನ್ನಡಿಯನ್ನು ಉಜ್ಜಿದರೆ ಹೊಳೆದೀತು. ಹೆಂಚನ್ನು ಉಜ್ಜಿದರೆ ಕನ್ನಡಿಯಾದೀತೇ? ತಾಮ್ರವು ಕಡಮೆಯಾದೊಡನೆ ಕ್ರಿಯೆಯನ್ನು ನಿಲ್ಲಿಸುವುದೇ ಯುಕ್ತ. ಶುದ್ಧಿಯ ಸಲಾಕೆಯನ್ನು ಹಿಂಬದಿಯಿಂದಲೇ ತೂರಿಸಬೇಕು. ಗುಂಡು ಹೊರಬೀಳುವ ಬಾಯಿಯ ಅಂಚು ಸವೆದರೆ ಗುರಿಯೇ ಕೆಡುವುದಾಗಿ, ದೋಷವನ್ನು ಕಳೆಯಹೊರಟ ಸಂಸ್ಕಾರವೇ ದೋಷವನ್ನು ತಂದಂತಾದೀತು.