ನೌಕರಿ ಬಿಡುವ ಮೊದಲು ಬಿಪಿ ನೋಡಿಸಿ, ಪಾಲಿಸಿ ಮಾಡಿಸಿ

"ಡಾಕ್ಟ್ರೇ, ಈ ಟೆನ್ಷನ್ ಸಾಕಾಯ್ತು. ನೌಕರಿ ಬಿಟ್ಟು ಫ್ರೀಲಾನ್ಸ್ ಮಾಡಿದ್ರೆ ಹಾರ್ಟಿಗೆ ಒಳ್ಳೇದಲ್ವಾ?" ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಒಬ್ಬರಿಗೆ ಫೋಟೋಗ್ರಫಿ, ಇನ್ನೊಬ್ಬರಿಗೆ ಡಿಸೈನ್, ಮತ್ತೊಬ್ಬರಿಗೆ ಕನ್ನಡ ಡಬ್ಬಿಂಗ್.

ಆಸೆಯಲ್ಲಿ ಹುರುಳಿದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ಪ್ರಸಿದ್ಧ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದವರಿಗೇ ಹೃದ್ರೋಗ ಹೆಚ್ಚು ಕಂಡಿತು. ಆದರೆ ಮನೆಯಲ್ಲಿ ಕೂತು ದುಡಿಯುವವರು ಗಂಟೆ ಲೆಕ್ಕ ಇಡುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35%, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮೇಲಾಗಿ, ಲೋಕಲ್ ಹಿಡಿಯಲು ನಡೆಯುತ್ತಿದ್ದ ಅಷ್ಟು ದೂರವೂ ತಪ್ಪುತ್ತದೆ.

ನನ್ನ ಚಿಂತೆ ಮಾತ್ರ ಬೇರೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ನಿಮ್ಮ ಕೊನೆಯ ದಿನಕ್ಕೇ ಮುಗಿಯುತ್ತದೆ. ಊರಲ್ಲಿರುವ ಅಪ್ಪ-ಅಮ್ಮನ ಹೆಸರೂ ಎಷ್ಟೋ ಸಲ ಅದರಲ್ಲೇ ಇರುತ್ತದೆ. ಹೊಸ ಪಾಲಿಸಿ ತೆಗೆದುಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಬರುವುದಿಲ್ಲ. ಮೊದಲೇ ಇರುವ ಬಿಪಿ, ಶುಗರ್, ಹೃದ್ರೋಗಕ್ಕೆ 3 ವರ್ಷದವರೆಗೂ ಕಾಯಿಸಬಹುದು (2024ಕ್ಕೆ ಮುಂಚೆ ಇದು 4 ವರ್ಷ ಇತ್ತು). ಸುಳ್ಳು ಬರೆದರೆ ಕ್ಲೇಮ್ ಬಿದ್ದುಹೋಗುತ್ತದೆ.

ದಾರಿ ಇದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು. ಗ್ರೂಪ್ ಪಾಲಿಸಿಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ವಜಾ ಆಗುತ್ತವೆ. ಆದರೆ ಕಂಪನಿ ನಿಮ್ಮ ಆರೋಗ್ಯ ನೋಡಿಯೇ ಒಪ್ಪುತ್ತದೆ. ಆದ್ದರಿಂದ ನೌಕರಿಯಲ್ಲಿರುವಾಗಲೇ ಎಚ್‌ಆರ್ ಹತ್ತಿರ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ, ಪಾಲಿಸಿ ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗೆ 18% ಜಿಎಸ್‌ಟಿಯೂ ಇಲ್ಲ.

ಜೊತೆಗೆ ಬಿಪಿ, ಶುಗರ್, ಕೊಲೆಸ್ಟರಾಲ್, ಇಸಿಜಿ ಮಾಡಿಸಿ. ಅಪ್ಪ ಅಥವಾ ಅಣ್ಣ-ತಮ್ಮಂದಿರಿಗೆ 55ರೊಳಗೆ, ಅಮ್ಮ ಅಥವಾ ಅಕ್ಕ-ತಂಗಿಯರಿಗೆ 65ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ.

42ರ ಒಬ್ಬರು ಹೀಗೇ ಸಲಹೆ ಕೇಳಲು ಬಂದಿದ್ದರು. ಬಿಪಿ 160/100, ಅವರಿಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ 51ಕ್ಕೇ ಅಟ್ಯಾಕ್ ಆಗಿತ್ತು. ರಾಜೀನಾಮೆ ನಾಲ್ಕು ತಿಂಗಳು ಮುಂದೆ ಹೋಯಿತು. ಮಾತ್ರೆ ಶುರುವಾಯಿತು, ಪಾಲಿಸಿ ಬದಲಾಯಿತು, ಆಮೇಲೆ ಬಿಟ್ಟರು. ಈಗ ವಿಡಿಯೋ ಎಡಿಟಿಂಗ್ ಮಾಡುತ್ತಾರೆ, ಖುಷಿಯಾಗಿದ್ದಾರೆ. ರಾತ್ರಿ ಎರಡರವರೆಗೆ ಎಚ್ಚರ ಇರುತ್ತಾರೆಂದು ಪ್ರತಿ ಸಲ ನನ್ನಿಂದ ಬೈಸಿಕೊಳ್ಳುತ್ತಾರೆ.

ಆರು ತಿಂಗಳ ಬಾಡಿಗೆ, ಇಎಂಐ ಕೈಯಲ್ಲಿಟ್ಟುಕೊಳ್ಳಿ ಎಂದು ಎಲ್ಲರೂ ಹೇಳಿರುತ್ತಾರೆ. ಅದಕ್ಕೆ ಮಾತ್ರೆಯ ಖರ್ಚನ್ನೂ ಸೇರಿಸಿ. ಪೇಮೆಂಟ್ ತಡವಾದ ತಿಂಗಳು ಮಕ್ಕಳ ಫೀಸು ನಿಲ್ಲುವುದಿಲ್ಲ, ಅಪ್ಪನ ಬಿಪಿ ಮಾತ್ರೆ ನಿಲ್ಲುತ್ತದೆ, ಮನೆಯಲ್ಲಿ ಹೇಳುವುದೂ ಇಲ್ಲ. ಕೈ ಬಿಗಿಯಾದರೆ ಮಾತ್ರೆ ಬಿಡಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. ಜನೌಷಧಿ ಕೇಂದ್ರದಲ್ಲಿ ಬಿಪಿಯ ಎಷ್ಟೋ ಔಷಧಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕೇಳಿದರೆ ಜೆನೆರಿಕ್ ಹೆಸರಲ್ಲೇ ಬರೆದುಕೊಡುತ್ತಾರೆ.