ಆತ್ಮರಕ್ಷಣೆಗೆ ಎಷ್ಟು ಅಳತೆಯ ಪಿಸ್ತೂಲು?

ಕಗ್ಗದಾಸಪುರದ ವಾಚಕ ಮಹಾಶಯರೊಬ್ಬರು ನಮಗೆ ಒಂದು ಕಾಗದವನ್ನು ಬರೆದಿರುವರು. ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮಕ್ಕಳು ದೂರದೇಶದಲ್ಲಿರುವರು, ಕೆರೆಯ ಕಡೆಯ ಬೀದಿಯೊಂದರಲ್ಲಿ ಪತಿಪತ್ನಿಯರಿಬ್ಬರೇ ವಾಸವಾಗಿರುವರು. ನೆರೆಮನೆಯಲ್ಲಿ ರಾತ್ರಿ ಕಳವಾದಂದಿನಿಂದ ಅವರಿಗೆ ನಿದ್ರೆಯಿಲ್ಲವಂತೆ. "ಸದಾ ಸಂಗಡ ಇಟ್ಟುಕೊಳ್ಳಲು ಎಷ್ಟು ಅಳತೆಯ ಪಿಸ್ತೂಲು ಮೇಲು? ತಾವು ವಿಚಾರಿಸಿ ಬರೆಯಬೇಕು" ಎಂಬುದು ಅವರ ಬಿನ್ನಹ. ಒಂಟಿಯಾದ ವೃದ್ಧರ ಭಯವನ್ನು ಕಂಡು ನಗುವುದು ಸಭ್ಯರಿಗೆ ಒಪ್ಪುವುದಲ್ಲ. ಆದಕಾರಣ ನಮಗೆ ತಿಳಿದಷ್ಟನ್ನು ನೇರವಾಗಿಯೇ ನಿವೇದಿಸುವೆವು.

ಮೊದಲನೆಯದಾಗಿ, ಈ ಆಯ್ಕೆಯು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ಸೈನಿಕರೂ ಪೊಲೀಸಿನವರೂ ಬಳಸುವ 9 ಮಿಲಿಮೀಟರಿನ ತೋಟಾವನ್ನಾಗಲಿ, .380 ಮತ್ತು .455 ಅಳತೆಯ ಅಂಚುಳ್ಳ ತೋಟಾಗಳನ್ನಾಗಲಿ ಹಾರಿಸಬಲ್ಲ ಪಿಸ್ತೂಲು ರಿವಾಲ್ವರುಗಳನ್ನು 2016ರ ಆಯುಧ ನಿಯಮಗಳು ನಿರ್ಬಂಧಿತ ವರ್ಗಕ್ಕೆ ಸೇರಿಸಿವೆ. ಅವುಗಳಿಗೆ ಲೈಸೆನ್ಸು ಕೊಡುವ ಅಧಿಕಾರವು ಕೇಂದ್ರದ ಗೃಹಮಂತ್ರಾಲಯದ್ದು. ಸಾಮಾನ್ಯ ಪೌರನಿಗೆ ಉಳಿಯುವುದು ಮುಖ್ಯವಾಗಿ .32, ಅಂದರೆ ಒಂದು ಅಂಗುಲದ ನೂರರಲ್ಲಿ 32 ಪಾಲು, ಸುಮಾರು 8 ಮಿಲಿಮೀಟರು. ಮತ್ತು ಅದಕ್ಕಿಂತ ಕಿರಿದಾದ.22ರಂತಹವು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರು .32 ಅಳತೆಯದೇ. 2014ರಲ್ಲಿ ಸ್ತ್ರೀಯರ ರಕ್ಷಣೆಗೆಂದು 'ನಿರ್ಭೀಕ್' ಎಂಬ ಹೆಸರಿನಿಂದ ಹೊರಬಂದ, ಅರ್ಧ ಕಿಲೋಗ್ರಾಂ ತೂಕದ ರಿವಾಲ್ವರೂ ಅದೇ ಅಳತೆಯದು. ಅದರ ಬೆಲೆಯು ಆಗಲೇ ಒಂದು ಲಕ್ಷ ರೂಪಾಯಿಗಳನ್ನು ಮೀರಿದ್ದಿತು.

.32ರ ಗುಂಡಿನ ಶಕ್ತಿಯು 9 ಮಿಲಿಮೀಟರಿನದರ ಅರ್ಧಕ್ಕೂ ಕಡಿಮೆಯೆಂಬುದು ನಿಜ. ಆದರೆ ಅಳತೆ ಹಿರಿದಾದೊಡನೆ ರಕ್ಷಣೆಯೂ ಹೆಚ್ಚುವುದೆಂಬ ನಂಬಿಕೆಯನ್ನು ಅನುಭವವು ಸಮರ್ಥಿಸುವುದಿಲ್ಲ. 1986ರ ಏಪ್ರಿಲಿನಲ್ಲಿ ಅಮೆರಿಕದ ಮಯಾಮಿಯಲ್ಲಿ ಆ ದೇಶದ ಎಫ್.ಬಿ.ಐ. ಪೊಲೀಸರಿಗೂ ಇಬ್ಬರು ದರೋಡೆಗಾರರಿಗೂ ಗುಂಡಿನ ಕಾಳಗವಾಗಿ ಇಬ್ಬರು ಪೊಲೀಸರು ಮಡಿದರು. ದರೋಡೆಗಾರನಿಗೆ ತಗುಲಿದ 9 ಮಿಲಿಮೀಟರಿನ ಗುಂಡೊಂದು ಹೃದಯವನ್ನು ಮುಟ್ಟದೆ ನಿಂತುದೇ ಇದಕ್ಕೆ ಕಾರಣವೆಂದೆಣಿಸಿ, ಅಲ್ಲಿಯವರು 10 ಮಿಲಿಮೀಟರಿಗೂ ತರುವಾಯ .40ಕ್ಕೂ ಹೋದರು. ಸುಮಾರು 30 ವರ್ಷಗಳಾದ ಮೇಲೆ, ಗುರಿ ತಪ್ಪದಿರುವುದೂ ಗುಂಡು ಸಾಕಷ್ಟು ಆಳಕ್ಕೆ ಇಳಿಯುವುದೂ ಅಳತೆಗಿಂತ ಮುಖ್ಯವೆಂದು ತೀರ್ಮಾನಿಸಿ ಮರಳಿ 9 ಮಿಲಿಮೀಟರಿಗೇ ಬಂದರು. ದಿನವೂ ಅಭ್ಯಾಸ ಮಾಡುವವರ ಪಾಡೇ ಇಂತಿರಲು, ನಿದ್ದೆಗಣ್ಣಿನಲ್ಲಿ ಎದ್ದು, ಕನ್ನಡಕವನ್ನು ಹುಡುಕಿ, ಕತ್ತಲೆಯಲ್ಲಿ ನಡುಗುವ ಕೈಯಿಂದ ಗುರಿಯಿಡುವ ಗೃಹಸ್ಥನ ಪಾಡೇನು? ಗೋಡೆಗೆ ಗೋಡೆ ಅಂಟಿಕೊಂಡಿರುವ ಬಡಾವಣೆಯಲ್ಲಿ ತಪ್ಪಿದ ಗುಂಡು ಕಿಟಕಿಯನ್ನು ದಾಟಿ ನೆರೆಯವರ ಮಗುವನ್ನು ಹುಡುಕಿಕೊಂಡು ಹೋಗಲಾರದೇ?

ಶಸ್ತ್ರದ ಹಕ್ಕನ್ನು ನಾವು ತುಚ್ಛೀಕರಿಸುತ್ತಿರುವೆವೆಂದು ಯಾರೂ ಭಾವಿಸಬಾರದು. ಲಿಟನ್ ಪ್ರಭುವಿನ 1878ರ ಆಯುಧ ಶಾಸನವು ಐರೋಪ್ಯರಿಗೆ ವಿನಾಯಿತಿಯನ್ನೂ ಭಾರತೀಯರಿಗೆ ನಿರ್ಬಂಧವನ್ನೂ ವಿಧಿಸಿದುದನ್ನು ದೇಶವು ಮರೆತಿಲ್ಲ. ಗಾಂಧೀಜಿಯವರೇ 1918ರಲ್ಲಿ ಅದನ್ನು ಕಟುವಾಗಿ ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಹೊಂದುವ ಹಕ್ಕೂ ಸೇರಿದ್ದಿತು. ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅದೇ ಹಕ್ಕನ್ನು ತಿದ್ದುಪಡಿಯಾಗಿ ಮಂಡಿಸಿದರು. ಕಳ್ಳರೂ ದರೋಡೆಗಾರರೂ ಅದೇ ಹಕ್ಕನ್ನು ಕೇಳಿಯಾರೆಂದು ಡಾ. ಅಂಬೇಡ್ಕರರು ಒಪ್ಪಲಿಲ್ಲ. ಅಂದು ಬಿದ್ದುಹೋದ ಆ ಹಕ್ಕು ಇಂದಿಗೂ ಮೂಲಭೂತವಾಗಿಲ್ಲ. ಸುಪ್ರೀಂ ಕೋರ್ಟು 2023ರಲ್ಲಿ ಇದನ್ನೇ ಮತ್ತೊಮ್ಮೆ ಹೇಳಿರುವುದು. ನಮ್ಮ ನಾಡಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. ಅದರ ಹಿಂದೆ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ, ಮಕ್ಕಳಿಗೆ ಅದರ ಮರ್ಯಾದೆಯನ್ನು ಕಲಿಸುವ ತಲೆಮಾರುಗಳ ಶಿಸ್ತು ಇದೆ. ಅಂಗಡಿಯಲ್ಲಿ ಹಣ ತೆತ್ತು ಆ ಶಿಸ್ತನ್ನು ಕೊಳ್ಳಲಾಗುವುದಿಲ್ಲ.

ಅಂಬೇಡ್ಕರರ ಆತಂಕವು ವೃಥಾ ಆಗಿರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರೂ, 2017ರ ಸೆಪ್ಟೆಂಬರ್ 5ರಂದು ನಮ್ಮ ನಗರದಲ್ಲಿಯೇ ಗೌರಿ ಲಂಕೇಶರೂ ತಮ್ಮ ಮನೆಬಾಗಿಲಿನಲ್ಲಿ ಗುಂಡಿಗೆ ಬಲಿಯಾದರು. ಎರಡೂ ಕಡೆ ಹಾರಿದುದು 7.65 ಮಿಲಿಮೀಟರಿನ ನಾಡ ಪಿಸ್ತೂಲಿನ ಗುಂಡೆಂದು ತನಿಖೆಯವರು ಹೇಳಿದರು. 7.65 ಎಂದರೆ .32ರದೇ ಇನ್ನೊಂದು ಹೆಸರು! ಪ್ರಾಮಾಣಿಕನಾದ ಪೌರನು ಅರ್ಜಿ ಹಾಕಿ, ತರಬೇತಿಯ ಪತ್ರವನ್ನು ತಂದು, ಪೊಲೀಸರ ವರದಿಗಾಗಿ ಕಾಯುವ ಅದೇ ಅಳತೆಯ ಆಯುಧವು ಘಾತಕನಿಗೆ ಯಾವ ಕಾಗದವೂ ಇಲ್ಲದೆ ದೊರೆಯುವುದು. ಸರ್ಕಾರವು ಮೊದಲು ಬತ್ತಿಸಬೇಕಾದುದು ಈ ಕಳ್ಳ ಮಾರಾಟದ ಊಟೆಯನ್ನು.

ಕಾನೂನಿನ ಇನ್ನೊಂದು ಮುಖವನ್ನೂ ಪತ್ರಲೇಖಕರು ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿವೆ. ಆದರೆ ಅಧಿಕಾರಿಗಳ ನೆರವನ್ನು ಪಡೆಯಲು ಕಾಲಾವಕಾಶವಿದ್ದರೆ ಆ ಹಕ್ಕಿಲ್ಲ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತೆಯೂ ಇಲ್ಲ. ಗೋಡೆ ಹಾರಿ ಓಡುತ್ತಿರುವ ಬರಿಗೈಯ ಕಳ್ಳನ ಬೆನ್ನಿಗೆ ಗುಂಡಿಟ್ಟವನು ಮರುದಿನ ತಾನೇ ಆರೋಪಿಯಾಗಿ ನಿಲ್ಲಬೇಕಾದೀತು.

ಇಷ್ಟಾದ ಮೇಲೂ ಜೀವಕ್ಕೆ ನಿಜವಾದ ಬೆದರಿಕೆಯಿದ್ದವರು ನಗರದ ಪೊಲೀಸ್ ಕಮಿಷನರ ಕಚೇರಿಗೆ ಅರ್ಜಿ ಹಾಕಿಕೊಳ್ಳಲಿ. ಅಧಿಕಾರಿಗಳವರು ಅದನ್ನು ಕಟ್ಟಿನಲ್ಲಿ ಮಲಗಿಸದೆ ತ್ವರೆಯಿಂದ ತೀರ್ಮಾನಿಸಲಿ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂದು 1959ರ ಶಾಸನವೇ ವಿಧಿಸಿದೆ. ಮೇಲ್ಮನವಿಯ ಮಾರ್ಗವೂ ಉಂಟು. ಲೈಸೆನ್ಸು ದೊರೆತವರಿಗೆ .32ರ ರಿವಾಲ್ವರೇ ಸಾಕು. ಅದನ್ನು ಬೀಗದೊಳಗಿಡುವ ಎಚ್ಚರವೂ ಹಾರಿಸುವ ಅಭ್ಯಾಸವೂ ಇರಬೇಕು.

ಮಿಕ್ಕವರಿಗೆ, ನಮ್ಮ ಪತ್ರಲೇಖಕರಿಗೂ ಸಹ, ನಾವು ಹೇಳುವುದು ಬೇರೆ. ಬಾಗಿಲಿಗೆ ಭದ್ರವಾದ ಅಗುಳಿ, ಅಂಗಳಕ್ಕೆ ದೀಪ, ಹಾಸಿಗೆಯ ಬಳಿ 112ನ್ನು ಕರೆಯಲು ಫೋನು, ಕೂಗಿದರೆ ಓಗೊಡುವ ನೆರೆಯವರು ಇವಿಷ್ಟನ್ನು ಮೊದಲು ಒದಗಿಸಿಕೊಳ್ಳಬೇಕು. ವೃದ್ಧ ದಂಪತಿಗಳು ರಾತ್ರಿ ಪಿಸ್ತೂಲನ್ನು ನೆನೆಯುವಂತಾದುದಕ್ಕೆ ಆ ಬೀದಿಯಲ್ಲಿ ಗಸ್ತಿನವರ ಹೆಜ್ಜೆಯ ಸಪ್ಪಳ ಕೇಳದಿರುವುದೇ ಕಾರಣವಾಗಿದ್ದರೆ, ಅದಕ್ಕೆ ಉತ್ತರ ಹೇಳಬೇಕಾದವರು ಪೊಲೀಸ್ ಇಲಾಖೆಯವರು. ಅವರು ಕಗ್ಗದಾಸಪುರದ ಕಡೆಗೆ ತಮ್ಮ ಲಕ್ಷ್ಯವನ್ನು ಕೊಡುವರೆಂದು ನಂಬಿರುವೆವು.