ಮಿದುಳಿನ ನೀರು ಹೋಗುವುದೆಲ್ಲಿಗೆ?

ಮಿದುಳು, ಬೆನ್ನುಹುರಿಗಳ ಸುತ್ತ ಯಾವುದೇ ಹೊತ್ತಿನಲ್ಲಿ ಇರುವ ದ್ರವ ಸುಮಾರು 150 ಮಿಲಿಲೀಟರ್. ದಿನಕ್ಕೆ ತಯಾರಾಗುವುದು ಮಾತ್ರ ಹತ್ತಿರಹತ್ತಿರ ಅರ್ಧ ಲೀಟರ್. ಅಂದರೆ ಅಷ್ಟೂ ದ್ರವ ದಿನಕ್ಕೆ ಮೂರು ಸಲವಾದರೂ ಖಾಲಿಯಾಗಿ ಹೊಸದು ತುಂಬಲೇಬೇಕು, ಬುರುಡೆಯೇನೂ ಹಿಗ್ಗುವುದಿಲ್ಲವಲ್ಲ. ಬಹುಪಾಲು ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲಿನಲ್ಲಿ ಹುಟ್ಟಿ, ಮಿದುಳಿನ ಕುಹರಗಳನ್ನು ದಾಟಿ ಅದು ಹೊರಬರುತ್ತದೆ. ಹರಿವು ಹೊಳೆಯಂತೆ ಒಂದೇ ದಿಕ್ಕಿನದ್ದಲ್ಲ: ಪ್ರತಿ ಎದೆಬಡಿತಕ್ಕೂ ಪ್ರತಿ ಉಸಿರಿಗೂ ಹಿಂದೆಮುಂದೆ ತೂಗುತ್ತಿರುತ್ತದೆ.

ತಕರಾರಿರುವುದು ನಿರ್ಗಮನದ ದಾರಿಯ ಬಗ್ಗೆ. ನೆತ್ತಿಯ ನಡುವಿನ ದೊಡ್ಡ ರಕ್ತಕಾಲುವೆಯೊಳಕ್ಕೆ ಚಾಚಿಕೊಂಡ ಅರಕ್ನಾಯ್ಡ್ ಗಂಟುಗಳ ಮೂಲಕ ದ್ರವ ರಕ್ತ ಸೇರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. 1875ರಲ್ಲಿ ಸ್ವೀಡನ್ನಿನ ಕೀ ಮತ್ತು ರೆಟ್ಜಿಯಸ್ ಶವಗಳಿಗೆ ಬಣ್ಣ ಹಾಯಿಸಿ ತೋರಿಸಿದ್ದೂ ಅದನ್ನೇ. ನನ್ನ ಪ್ರಕಾರ ಇದು ಅರ್ಧ ಕಥೆ. ನವಜಾತ ಶಿಶುವಿನಲ್ಲಿ ಆ ಗಂಟುಗಳು ಕಣ್ಣಿಗೆ ಕಾಣುವಷ್ಟು ಬೆಳೆದೇ ಇರುವುದಿಲ್ಲ. ಆದರೂ ಆರೋಗ್ಯವಂತ ಕೂಸಿನ ತಲೆಯಲ್ಲಿ ನೀರು ಕಟ್ಟಿಕೊಳ್ಳುವುದಿಲ್ಲ. ಕುರಿ, ಮೊಲಗಳಲ್ಲಿ ದ್ರವಕ್ಕೆ ಸೇರಿಸಿದ ಗುರುತುವಸ್ತು ಮೂಗಿನ ಮೇಲಿನ ಜರಡಿಮೂಳೆಯ ತೂತುಗಳಲ್ಲಿ, ವಾಸನೆಯ ನರಗಳ ಮಗ್ಗುಲಲ್ಲೇ ಇಳಿದು, ಕತ್ತಿನ ದುಗ್ಧಗ್ರಂಥಿಗಳಲ್ಲಿ ಸಿಕ್ಕಿತು. ಕುರಿಗೆ ಸರಿ, ಮನುಷ್ಯನಿಗೆ? ಪ್ರಶ್ನೆ ನ್ಯಾಯವಾದದ್ದೇ, ನಮ್ಮ ಮೂಗು ಅಷ್ಟು ಚುರುಕಲ್ಲ. ಆದರೆ 2015ರಲ್ಲಿ ಇಲಿಗಳ ಮಿದುಳುಪೊರೆಯಲ್ಲಿ ದುಗ್ಧನಾಳಗಳು ವಿವರವಾಗಿ ವರದಿಯಾದವು. 2017ರಲ್ಲಿ ಎಂಆರ್‌ಐ ಅವನ್ನು ಮನುಷ್ಯರಲ್ಲೂ ತೋರಿಸಿತು. ಹಾಗೆಂದು ಗಂಟುಗಳನ್ನು ಕೆಲಸದಿಂದ ವಜಾ ಮಾಡುವಂತಿಲ್ಲ. ಯಾವ ದಾರಿಗೆ ಎಷ್ಟು ಪಾಲು ಎಂಬ ಲೆಕ್ಕ ಮನುಷ್ಯರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.